ಒಡೆದ ಮಂದೆಯನ್ನು ಒಂದುಗೂಡಿಸಿದ ಸಂತ ಸಿಪ್ರಿಯನ್



ಕಷ್ಟ ಬಂದಾಗ ಮನೆಯವರೆಲ್ಲರೂ ಒಂದಾಗುತ್ತಾರೆ ಎಂದು ನಾವು ನಂಬುತ್ತೇವೆ. ಆದರೆ ಅನೇಕ ಮನೆಗಳಲ್ಲಿ ನಡೆಯುವುದು ಬೇರೆ. ತಂದೆಗೆ ದೊಡ್ಡ ಕಾಯಿಲೆ ಬರುತ್ತದೆ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕುಳಿತವರು ಯಾರು, ಬಂದು ಮುಖ ತೋರಿಸಿ ಹೋದವರು ಯಾರು, ಹಣ ಕೊಟ್ಟವರು ಯಾರು, ಕೈಯೆತ್ತಿದವರು ಯಾರು ಎಂಬ ಲೆಕ್ಕ ಒಳಗೊಳಗೇ ಬೆಳೆಯುತ್ತದೆ. ತಂದೆ ಗುಣಮುಖರಾಗಿ ಮನೆಗೆ ಬರುತ್ತಾರೆ, ಆದರೆ ಅಷ್ಟರಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ. ಕಾಯಿಲೆ ಮಾಡದ ಹಾನಿಯನ್ನು ಕಾಯಿಲೆಯ ನಂತರದ ಲೆಕ್ಕಾಚಾರ ಮಾಡಿಬಿಡುತ್ತದೆ.

ಧರ್ಮಸಭೆ ಎಂಬ ನಮ್ಮ ದೊಡ್ಡ ಮನೆಯಲ್ಲಿಯೂ ಒಮ್ಮೆ ಹೀಗೆಯೇ ನಡೆಯಿತು. ಮೂರನೆಯ ಶತಮಾನದಲ್ಲಿ, ಉತ್ತರ ಆಫ್ರಿಕದ ಕಾರ್ತೇಜ್ ನಗರದಲ್ಲಿ, ಚಕ್ರವರ್ತಿಯ ಹಿಂಸೆ ತಣ್ಣಗಾದ ಮೇಲೆ ವಿಶ್ವಾಸಿಗಳು ಪರಸ್ಪರ ಲೆಕ್ಕ ಕೇಳತೊಡಗಿದರು. ಗಟ್ಟಿಯಾಗಿ ನಿಂತವರು ಯಾರು, ಹೆದರಿ ವಿಶ್ವಾಸ ಬಿಟ್ಟುಕೊಟ್ಟವರು ಯಾರು, ಓಡಿಹೋದವರು ಯಾರು? ಈ ಮೂರನೆಯ ಪಟ್ಟಿಯಲ್ಲಿ ಒಂದು ಹೆಸರು ಎಲ್ಲರ ಬಾಯಲ್ಲಿತ್ತು. ಅದು ಆ ನಗರದ ಬಿಷಪರದೇ ಹೆಸರು. ಆ ಬಿಷಪರೇ ಸಂತ ಸಿಪ್ರಿಯನ್. ಬಲಿಪೂಜೆಯ ರೋಮನ್ ಕ್ಯಾನನ್ ಎಂಬ ಪ್ರಾಚೀನ ಪ್ರಾರ್ಥನೆಯಲ್ಲಿ ಸಂತರ ಹೆಸರುಗಳನ್ನು ಹೇಳುವಾಗ ಇವರ ಹೆಸರು ಇಂದಿಗೂ ಕೇಳಿಬರುತ್ತದೆ. ಬನ್ನಿ, ಇವರ ಜೀವನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಶ್ರೀಮಂತ ಪಂಡಿತನ ಮನಪರಿವರ್ತನೆ

ಇಂದಿನ ಟ್ಯುನೀಷಿಯ ದೇಶದ ರಾಜಧಾನಿ ಟ್ಯುನಿಸ್ ಬಳಿ ಕಾರ್ತೇಜಿನ ಅವಶೇಷಗಳಿವೆ. ಆ ಕಾಲಕ್ಕೆ ಅದು ರೋಮನ್ ಸಾಮ್ರಾಜ್ಯದ ದೊಡ್ಡ ನಗರಗಳಲ್ಲಿ ಒಂದು. ಸಿಪ್ರಿಯನ್ ಸುಮಾರು ಕ್ರಿ.ಶ. 200 ಮತ್ತು 210ರ ನಡುವೆ ಜನಿಸಿದರು. ಹುಟ್ಟಿನಿಂದ ಅವರು ಕ್ರೈಸ್ತರಲ್ಲ. ಹಣವಂತರು, ತೋಟವುಳ್ಳ ಮನೆಯ ಒಡೆಯರು, ವಾಕ್‌ಚಾತುರ್ಯವನ್ನು ಕಲಿಸುವ ಹೆಸರಾಂತ ಗುರು. ಮಾತೇ ಅವರ ಬಂಡವಾಳ. ನಗರದ ಗಣ್ಯರೆಲ್ಲ ಅವರ ಸ್ನೇಹಿತರು.

ಇಷ್ಟೆಲ್ಲ ಇದ್ದರೂ ಅವರ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಅಂಟಿಕೊಂಡ ಅಭ್ಯಾಸಗಳನ್ನು, ಐಷಾರಾಮದ ಬದುಕನ್ನು ಬಿಟ್ಟು ಮನುಷ್ಯ ಹೊಸಬನಾಗಲು ಸಾಧ್ಯವೇ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಒಬ್ಬ ವೃದ್ಧ ಯಾಜಕರ ಸ್ನೇಹ ಅವರನ್ನು ಕ್ರಿಸ್ತರ ಬಳಿಗೆ ಕರೆತಂದಿತು. ಸುಮಾರು 246ರಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಆ ನೀರು ತಮ್ಮಲ್ಲಿ ಮಾಡಿದ ಬದಲಾವಣೆಯನ್ನು ಕಂಡು ಅವರೇ ಬೆರಗಾದರು. ಆಸ್ತಿಯ ಬಹುಭಾಗವನ್ನು ಬಡವರಿಗೆ ಹಂಚಿದರು. ತಮ್ಮನ್ನು ವಿಶ್ವಾಸಕ್ಕೆ ನಡೆಸಿದ ಆ ಯಾಜಕರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು.

ಎರಡು ಮೂರು ವರ್ಷಗಳಲ್ಲೇ ಬಿಷಪರ ಪೀಠ ತೆರವಾದಾಗ ಕಾರ್ತೇಜಿನ ಜನರು ಸಿಪ್ರಿಯನರೇ ಬೇಕೆಂದು ಪಟ್ಟುಹಿಡಿದರು. ಅವರು ಹಿಂದೆ ಸರಿದರೂ ಜನ ಬಿಡಲಿಲ್ಲ. ಆದರೆ ಐವರು ಹಿರಿಯ ಯಾಜಕರಿಗೆ ಇದು ಸರಿಬರಲಿಲ್ಲ. ನಿನ್ನೆ ಮೊನ್ನೆ ದೀಕ್ಷಾಸ್ನಾನ ಪಡೆದವನು ಇಂದು ನಮ್ಮ ಮೇಲೆ ಬಿಷಪ್ ಆಗುವುದೇ ಎಂಬ ಅಸಮಾಧಾನ ಅವರಲ್ಲಿ ಉಳಿಯಿತು. ಸಿಪ್ರಿಯನ್ ಅವರನ್ನು ಪ್ರೀತಿಯಿಂದಲೇ ನಡೆಸಿಕೊಂಡರು. ಆದರೂ ಬೂದಿಯ ಕೆಳಗಿನ ಕೆಂಡದಂತೆ ಆ ಅಸಮಾಧಾನ ಗಾಳಿಗಾಗಿ ಕಾಯುತ್ತಿತ್ತು.

ಒಂದು ಚೀಟಿಯ ಪರೀಕ್ಷೆ

ಆ ಗಾಳಿ ಬೇಗನೆ ಬೀಸಿತು. 249ರಲ್ಲಿ ಡೇಸಿಯುಸ್ ಚಕ್ರವರ್ತಿಯಾದನು. ಸಾಮ್ರಾಜ್ಯದ ಪ್ರಜೆಗಳೆಲ್ಲರೂ ರೋಮಿನ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆ ಹೊರಡಿಸಿದನು. ಬಲಿ ಅರ್ಪಿಸಿದವರಿಗೆ ಅಧಿಕಾರಿಗಳು ಸಹಿ ಮಾಡಿದ ಒಂದು ಚೀಟಿ ಸಿಗುತ್ತಿತ್ತು. ಅಂಥ ನಲವತ್ತಕ್ಕೂ ಹೆಚ್ಚು ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಚೀಟಿ ಇಲ್ಲದವರಿಗೆ ಸೆರೆಮನೆ, ಆಸ್ತಿ ಮುಟ್ಟುಗೋಲು, ಚಿತ್ರಹಿಂಸೆ, ಗಡೀಪಾರು, ಕೆಲವರಿಗೆ ಮರಣ. 250ರ ಜನವರಿ 20ರಂದು ರೋಮ್‌ನಲ್ಲಿ ಪೋಪ್ ಫೇಬಿಯನ್ ರಕ್ತಸಾಕ್ಷಿಯಾದರು.

ಅದಕ್ಕೂ ಮುಂಚಿನ ಹಲವು ವರ್ಷ ಧರ್ಮಸಭೆ ಬಹುಮಟ್ಟಿಗೆ ನೆಮ್ಮದಿಯಿಂದ ಇತ್ತು. ಜನಸಂಖ್ಯೆ ಬೆಳೆದಿತ್ತು, ಆದರೆ ವಿಶ್ವಾಸದ ಬೇರು ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಆಜ್ಞೆ ಬಂದದ್ದೇ ತಡ, ಕಾರ್ತೇಜಿನ ಕ್ರೈಸ್ತರು ಗುಂಪುಗುಂಪಾಗಿ ಬಲಿಪೀಠದ ಕಡೆಗೆ ಓಡಿದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳೇ ಹೇಳಿದರೂ ಇಂದೇ ಮುಗಿಸಿಬಿಡಿ ಎಂದು ಬೇಡಿಕೊಂಡವರಿದ್ದರು. ಎಳೆಗೂಸುಗಳನ್ನು ಎತ್ತಿಕೊಂಡು ಹೋದ ತಂದೆತಾಯಿಗಳಿದ್ದರು. ಕೆಲವರು ಬಲಿಯ ಮಾಂಸ ತಿಂದರು, ಕೆಲವರು ಒಂದು ಚಿಟಿಕೆ ಧೂಪ ಹಾಕಿದರು. ಇನ್ನು ಕೆಲವರು ಏನನ್ನೂ ಮಾಡದೆ ಲಂಚ ಕೊಟ್ಟು ಚೀಟಿಯನ್ನು ಮಾತ್ರ ಕೊಂಡುಕೊಂಡರು. ಇವರೆಲ್ಲರನ್ನೂ ಧರ್ಮಸಭೆ ಎಡವಿದವರು ಎಂದು ಕರೆಯಿತು. ಇನ್ನೊಂದು ಕಡೆ ಹೆಂಗಸರು, ಮಕ್ಕಳು, ಸಾಮಾನ್ಯ ಜನರು ಕ್ರಿಸ್ತರ ಹೆಸರು ಬಿಡದೆ ಸೆರೆಮನೆಯ ಕತ್ತಲಲ್ಲಿ ಹಸಿವು ಬಾಯಾರಿಕೆ ಸಹಿಸಿದರು.

ಬಿಷಪರನ್ನು ಸಿಂಹಕ್ಕೆ ಎಸೆಯಿರಿ ಎಂದು ಜನಜಂಗುಳಿ ಕೂಗುತ್ತಿತ್ತು. ಸಿಪ್ರಿಯನ್ ಊರು ಬಿಟ್ಟು ಅಡಗಿಕೊಂಡರು. ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಸಂತರ ಚರಿತ್ರೆಯಲ್ಲಿ ಇಂಥ ಘಟನೆ ನಮಗೆ ಮುಜುಗರ ತರುತ್ತದೆ. ಅಂದಿನವರಿಗೂ ತಂದಿತು. ರೋಮಿನ ಯಾಜಕರು ಬರೆದ ಪತ್ರದಲ್ಲಿ, ಮಂದೆಯನ್ನು ಬಿಟ್ಟು ಓಡುವ ಕೂಲಿಯಾಳಿನ ಕಡೆಗೆ ಬೊಟ್ಟು ಮಾಡಿದ ಕುಟುಕು ಇತ್ತು. ತಾವು ಅಲ್ಲಿಯೇ ಇದ್ದರೆ ತಮ್ಮ ಮೇಲಿನ ಸಿಟ್ಟಿಗೆ ಇಡೀ ಸಭೆ ಗುರಿಯಾಗುತ್ತಿತ್ತು ಎಂಬುದು ಸಿಪ್ರಿಯನರ ಉತ್ತರ. ಅಡಗುತಾಣದಿಂದಲೇ ಅವರು ಯಾಜಕರಿಗೆ, ಸೆರೆಯಾಳುಗಳಿಗೆ, ಬಡವರಿಗೆ ಪತ್ರದ ಮೇಲೆ ಪತ್ರ ಬರೆದರು, ತಮ್ಮ ಸ್ವಂತ ಹಣದಿಂದ ಸಹಾಯ ಕಳುಹಿಸಿದರು. ತಾವು ಸುಮ್ಮನೆ ಕೂತಿಲ್ಲವೆಂದು ತಿಳಿಸಲು ಹದಿಮೂರು ಪತ್ರಗಳ ಪ್ರತಿಯನ್ನು ರೋಮಿಗೂ ಕಳುಹಿಸಿದರು. ಅವರು ಮಾಡಿದ್ದು ಸರಿಯೇ ತಪ್ಪೇ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಓಡಿಹೋದವನು ಎಂಬ ಮಾತನ್ನು ಹೊತ್ತುಕೊಂಡೇ ಅವರು ಮುಂದಿನ ಕೆಲಸ ಮಾಡಬೇಕಾಯಿತು ಎಂಬುದನ್ನು ನೆನಪಿಟ್ಟುಕೊಳ್ಳೋಣ.

ಬಿರುಗಾಳಿಯ ನಂತರದ ಬಿರುಕು

ಹಿಂಸೆ ಇಳಿಮುಖವಾಗುತ್ತಿದ್ದಂತೆ ಎಡವಿದವರು ಅಳುತ್ತಾ ದೇವಾಲಯದ ಬಾಗಿಲಿಗೆ ಬಂದರು. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೇ, ಬೇಡವೇ? ಸೇರಿಸಿಕೊಂಡರೆ ಹೇಗೆ? ಇಡೀ ಸಭೆ ಈ ಪ್ರಶ್ನೆಯ ಮೇಲೆ ಸೀಳತೊಡಗಿತು.

ವಿಶ್ವಾಸಕ್ಕಾಗಿ ಸೆರೆಮನೆ ಸೇರಿದವರ ಮೇಲೆ ಎಲ್ಲರಿಗೂ ಅಪಾರ ಗೌರವ. ಅವರು ಯಾರ ಪರವಾಗಿ ಕೇಳಿಕೊಂಡರೂ ಆ ಬೇಡಿಕೆಗೆ ಬೆಲೆಯಿತ್ತು. ಆದರೆ ಕೆಲವರು ಪೂರ್ವಾಪರ ವಿಚಾರಿಸದೆ ಕ್ಷಮೆಯ ಪತ್ರಗಳನ್ನು ಹಂಚತೊಡಗಿದರು. ಇಂಥವನನ್ನೂ ಅವನ ಕಡೆಯವರನ್ನೂ ಸೇರಿಸಿಕೊಳ್ಳಿ ಎಂದು ಬರೆದ ಪತ್ರಗಳೂ ಇದ್ದವು. ಕಡೆಯವರು ಎಂದರೆ ಎಷ್ಟು ಮಂದಿ? ಇಪ್ಪತ್ತೋ ಮೂವತ್ತೋ? ಮೊದಲಿನಿಂದಲೂ ಮುನಿಸಿಕೊಂಡಿದ್ದ ಆ ಯಾಜಕರು ಇದೇ ಸಮಯವೆಂದು ಬಿಷಪರನ್ನು ಕೇಳದೆ ಎಡವಿದವರಿಗೆ ಪರಮಪ್ರಸಾದ ಕೊಡತೊಡಗಿದರು. ಫೆಲಿಸಿಸಿಮುಸ್ ಎಂಬ ಸೇವಾದರ್ಶಿ ಅವರ ಮುಂದಾಳಾದನು. ಬಿಷಪರು ಕಳುಹಿಸಿದ ನೆರವನ್ನು ಪಡೆಯುವವರಿಗೆ ನಮ್ಮಲ್ಲಿ ಜಾಗವಿಲ್ಲ ಎಂದು ಅವನು ಬಡವರನ್ನೂ ಬೆದರಿಸಿದನು.

ಸಿಪ್ರಿಯನರ ನಿಲುವು ಎರಡು ತುದಿಗಳ ನಡುವಿನದು. ಗಾಯವನ್ನು ತೊಳೆಯದೆ ಬಟ್ಟೆ ಸುತ್ತಿದರೆ ಅದು ಒಳಗೇ ಕೀವಾಗುತ್ತದೆ; ಆದ್ದರಿಂದ ಪ್ರಾಯಶ್ಚಿತ್ತವಿಲ್ಲದ ಕ್ಷಮೆ ಕ್ಷಮೆಯಲ್ಲ. ಹಾಗೆಂದು ಅಳುತ್ತಾ ಬಂದವನಿಗೆ ಬಾಗಿಲು ಮುಚ್ಚುವುದು ಕುರುಬನ ಕೆಲಸವೂ ಅಲ್ಲ. ಸಾಯುವ ಸ್ಥಿತಿಯಲ್ಲಿರುವವರನ್ನು ತಡಮಾಡದೆ ಸೇರಿಸಿಕೊಳ್ಳಿ, ಉಳಿದವರ ವಿಚಾರವನ್ನು ಶಾಂತಿ ಬಂದ ಮೇಲೆ ಬಿಷಪರೂ ಯಾಜಕರೂ ಜನರೂ ಒಟ್ಟಿಗೆ ಕುಳಿತು ತೀರ್ಮಾನಿಸೋಣ ಎಂದು ಅವರು ತಿಳಿಸಿದರು. ತಮ್ಮ ಒಬ್ಬರ ಅಭಿಪ್ರಾಯದಿಂದ ಇದನ್ನು ಮುಗಿಸಲು ಅವರು ಒಪ್ಪಲಿಲ್ಲ.

251ರ ಪಾಸ್ಖ ಹಬ್ಬದ ನಂತರ ಸಿಪ್ರಿಯನ್ ಕಾರ್ತೇಜಿಗೆ ಮರಳಿದರು. ಆಫ್ರಿಕದ ಬಿಷಪರ ಮಹಾಸಭೆ ಸೇರಿತು. ಚೀಟಿ ಮಾತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಅರ್ಪಿಸಿದವರು ದೀರ್ಘ ಪ್ರಾಯಶ್ಚಿತ್ತದಲ್ಲಿದ್ದು ಮರಣದ ವೇಳೆಯಲ್ಲಾದರೂ ಸಮಾಧಾನ ಪಡೆಯುವುದು ಎಂದು ತೀರ್ಮಾನವಾಯಿತು. ಕೆಲವರಿಗೆ ಇದು ತೀರಾ ಕಠಿಣ, ಇನ್ನು ಕೆಲವರಿಗೆ ತೀರಾ ಸಡಿಲ.

ಮನೆಯೊಂದು ಮೂರು ಬಾಗಿಲು

ಇದೇ ಸಮಯದಲ್ಲಿ ರೋಮಿನಲ್ಲಿಯೂ ಬಿರುಕು ಬಿಟ್ಟಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ತೆರವಾಗಿದ್ದ ಪೇತ್ರರ ಪೀಠಕ್ಕೆ 251ರ ಮಾರ್ಚಿನಲ್ಲಿ ಕೊರ್ನೇಲಿಯುಸ್ ಆಯ್ಕೆಯಾದರು. ಅವರೂ ಎಡವಿದವರ ಬಗ್ಗೆ ಕರುಣೆಯುಳ್ಳವರು. ನೊವಾಸಿಯನ್ ಎಂಬ ವಿದ್ವಾಂಸ ಯಾಜಕನು ಇದನ್ನು ಒಪ್ಪದೆ ತಾನೇ ಬಿಷಪನೆಂದು ಅಭಿಷೇಕ ಪಡೆದನು. ಎಡವಿದವರಿಗೆ ಧರ್ಮಸಭೆಯಲ್ಲಿ ಕ್ಷಮೆಯೇ ಇಲ್ಲ ಎಂಬುದು ಅವನ ಪಂಥದ ಹಟ. ವಿಚಿತ್ರ ನೋಡಿ, ಕಾರ್ತೇಜಿನಲ್ಲಿ ಎಲ್ಲರನ್ನೂ ಪ್ರಾಯಶ್ಚಿತ್ತವಿಲ್ಲದೆ ಸೇರಿಸಿಕೊಳ್ಳಬೇಕು ಎನ್ನುತ್ತಿದ್ದ ಗುಂಪಿನ ನೊವಾಟುಸ್ ಎಂಬ ಯಾಜಕ ರೋಮಿಗೆ ಹೋಗಿ ಯಾರನ್ನೂ ಸೇರಿಸಬಾರದು ಎನ್ನುವವನ ಪಕ್ಷ ಸೇರಿಕೊಂಡನು! ಜಗಳಕ್ಕೆ ಕಾರಣವೆಂದು ಹೇಳುವ ತತ್ವ ಒಂದಿರುತ್ತದೆ, ಜಗಳದ ನಿಜವಾದ ಬೇರು ಮತ್ತೊಂದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಎರಡು ಕಡೆಯ ಪತ್ರಗಳೂ ಕಾರ್ತೇಜಿಗೆ ಬಂದಾಗ ಸಿಪ್ರಿಯನ್ ಆತುರಪಡಲಿಲ್ಲ. ಇಬ್ಬರು ಬಿಷಪರನ್ನು ರೋಮಿಗೆ ಕಳುಹಿಸಿ ನಡೆದದ್ದನ್ನು ವಿಚಾರಿಸಿದರು. ಕೊರ್ನೇಲಿಯುಸರ ಆಯ್ಕೆ ನ್ಯಾಯವಾದದ್ದೆಂದು ಖಚಿತವಾದ ಮೇಲೆ ಅವರ ಬೆನ್ನಿಗೆ ಬಂಡೆಯಂತೆ ನಿಂತರು. ರೋಮಿನ ಸೆರೆಮನೆಯಲ್ಲಿ ನರಳಿ ಬಂದ ಕೆಲವು ವಿಶ್ವಾಸವೀರರು ನೊವಾಸಿಯನನ ಕಡೆ ಹೋಗಿದ್ದರು. ಸಿಪ್ರಿಯನ್ ಅವರಿಗೆ ಪ್ರೀತಿಯ ಪತ್ರ ಬರೆದರು. ಅವರು ತಪ್ಪನ್ನು ಅರಿತು ಹಿಂದಿರುಗಿದಾಗ ರೋಮಿನ ಜನರು ಸಂತೋಷದಿಂದ ಕಣ್ಣೀರಿಟ್ಟು ಅಪ್ಪಿಕೊಂಡರು.

ಕಾರ್ತೇಜಿನಲ್ಲಿ ಮಾತ್ರ ಗಾಯ ಬೇಗ ಮಾಯಲಿಲ್ಲ. ಫೆಲಿಸಿಸಿಮುಸನ ಗುಂಪು ಒಬ್ಬನನ್ನು ಬಿಷಪನನ್ನಾಗಿ ಮಾಡಿಕೊಂಡಿತು, ನೊವಾಸಿಯನನ ಗುಂಪು ಇನ್ನೊಬ್ಬನನ್ನು. ಒಂದೇ ಊರಿನಲ್ಲಿ ಮೂವರು ಬಿಷಪರು! ಮನೆಯೊಂದು ಮೂರು ಬಾಗಿಲು ಎಂಬ ನಮ್ಮ ಗಾದೆ ಆ ಊರಿಗೇ ಹೇಳಿ ಮಾಡಿಸಿದಂತಿದೆ.

ಈ ನೋವಿನ ನಡುವೆಯೇ 251ರ ಸುಮಾರಿಗೆ ಸಿಪ್ರಿಯನ್ ಕಥೋಲಿಕ ಧರ್ಮಸಭೆಯ ಐಕ್ಯತೆಯ ಬಗ್ಗೆ ತಮ್ಮ ಪ್ರಸಿದ್ಧ ಗ್ರಂಥವನ್ನು ಬರೆದರು. ಅದರಲ್ಲಿ ಅವರು ಕೊಡುವ ಹೋಲಿಕೆಗಳು ಚಿಕ್ಕ ಮಕ್ಕಳಿಗೂ ಅರ್ಥವಾಗುತ್ತವೆ. ಸೂರ್ಯನ ಕಿರಣಗಳು ಅನೇಕ, ಬೆಳಕು ಒಂದೇ. ಮರದ ಕೊಂಬೆಗಳು ಅನೇಕ, ಕಾಂಡ ಒಂದೇ. ಮುರಿದ ಕೊಂಬೆ ಚಿಗುರುವುದಿಲ್ಲ, ಬುಗ್ಗೆಯಿಂದ ಕಡಿದುಹೋದ ತೊರೆ ಬತ್ತುತ್ತದೆ. ಯೇಸುಸ್ವಾಮಿಯ ಹೊಲಿಗೆಯಿಲ್ಲದ ಅಂಗಿಯನ್ನು ಶಿಲುಬೆಯ ಬಳಿ ನಿಂತ ಸೈನಿಕರು ಸಹ ಹರಿಯಲಿಲ್ಲ. ಸೈನಿಕರು ಮಾಡದ ಕೆಲಸವನ್ನು ವಿಶ್ವಾಸಿಗಳೇ ಮಾಡಬಹುದೇ ಎಂಬುದು ಅವರ ಸಂಕಟ.

ಸೈತಾನನ ಯುದ್ಧತಂತ್ರವನ್ನೂ ಅವರು ಅಲ್ಲಿ ಬಯಲಿಗೆಳೆಯುತ್ತಾರೆ. ಅವನು ಖಡ್ಗ ಹಿಡಿದು ಎದುರಿಗೆ ಬಂದಾಗ ನಾವು ಎಚ್ಚರವಾಗಿರುತ್ತೇವೆ. ಅವನು ಸೋತು ಹಿಂದೆ ಸರಿದಂತೆ ನಟಿಸಿ, ನಮ್ಮದೇ ಜನರ ಬಾಯಿಂದ ಮಾತನಾಡತೊಡಗಿದಾಗ ನಾವು ಮೈಮರೆಯುತ್ತೇವೆ. ಹಿಂಸೆಯಲ್ಲಿ ಎಡವಿದವನು ತನಗೆ ಮಾತ್ರ ಕೇಡು ಮಾಡಿಕೊಂಡ, ಅವನು ಪಶ್ಚಾತ್ತಾಪಪಟ್ಟು ಏಳುತ್ತಾನೆ. ಸಭೆಯನ್ನು ಒಡೆಯುವವನಾದರೋ ಅನೇಕರನ್ನು ತನ್ನೊಡನೆ ಎಳೆದೊಯ್ಯುತ್ತಾನೆ, ಜೊತೆಗೆ ತಾನು ಮಾಡುತ್ತಿರುವುದು ಪುಣ್ಯವೆಂದೇ ತಿಳಿದಿರುತ್ತಾನೆ.

ಸ್ವಲ್ಪ ಸಮಯದಲ್ಲಿ ಇನ್ನೊಂದು ಹಿಂಸೆಯ ಸೂಚನೆಗಳು ಕಾಣಿಸಿದವು. ಆಗ ಸಿಪ್ರಿಯನರೂ ಜೊತೆಯ ಬಿಷಪರೂ ಮತ್ತೆ ಸೇರಿ ತಮ್ಮ ಮೊದಲಿನ ತೀರ್ಮಾನವನ್ನೇ ಸಡಿಲಿಸಿದರು. ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರನ್ನೂ ಪರಮಪ್ರಸಾದಕ್ಕೆ ಸೇರಿಸಿಕೊಂಡರು. ಅವರು ಕೊಟ್ಟ ಕಾರಣ ಮನಮುಟ್ಟುವಂಥದ್ದು. ನಾಳೆ ಯುದ್ಧಕ್ಕೆ ಕರೆಯಬೇಕಾದ ಸೈನಿಕನನ್ನು ಇಂದು ಆಯುಧವಿಲ್ಲದೆ ಹೊರಗೆ ನಿಲ್ಲಿಸಬಹುದೇ? ಕ್ರಿಸ್ತರ ರಕ್ತದ ಪಾತ್ರೆಯಿಂದ ಕುಡಿಯಗೊಡದೆ, ಕ್ರಿಸ್ತರಿಗಾಗಿ ನಿನ್ನ ರಕ್ತ ಸುರಿಸು ಎಂದು ಒಬ್ಬನಿಗೆ ಹೇಳುವುದಾದರೂ ಹೇಗೆ? ಒಂಟಿಯಾಗಿ ನಿಂತದ್ದರಿಂದಲೇ ಎಡವಿದವನು, ಜೊತೆಯವರ ನಡುವೆ ನಿಂತರೆ ಈ ಸಲ ಗೆದ್ದಾನು ಎಂದು ಅವರು ನಂಬಿದರು.

ರೋಗದ ಬೀದಿಗಳಲ್ಲಿ ಒಂದಾದ ಕೈಗಳು

252ರ ಸುಮಾರಿಗೆ ಭೀಕರ ಸಾಂಕ್ರಾಮಿಕ ರೋಗವೊಂದು ಕಾರ್ತೇಜನ್ನು ಹೊಕ್ಕಿತು. ಜನ ತಮ್ಮವರನ್ನೇ ಮನೆಯಿಂದ ಹೊರಗೆ ಹಾಕಿ ಓಡಿದರು. ಬೀದಿಗಳಲ್ಲಿ ಹೆಣಗಳು ಬಿದ್ದಿದ್ದವು. ಸಿಪ್ರಿಯನ್ ಜನರನ್ನು ಒಂದೆಡೆ ಸೇರಿಸಿದರು. ನಮ್ಮವರನ್ನು ಮಾತ್ರ ನೋಡಿಕೊಂಡರೆ ಅದರಲ್ಲಿ ಹೆಚ್ಚಿನದೇನೂ ಇಲ್ಲ, ನಮ್ಮನ್ನು ಹಿಂಸಿಸಿದವರನ್ನೂ ಆರೈಕೆ ಮಾಡಬೇಕು ಎಂದು ತಿಳಿಹೇಳಿದರು. ಹಣವಿದ್ದವರು ಹಣ ಕೊಟ್ಟರು, ಇಲ್ಲದವರು ದುಡಿಮೆ ಕೊಟ್ಟರು. ಒಬ್ಬೊಬ್ಬರಿಗೂ ಅವರವರ ಸ್ಥಿತಿಗೆ ತಕ್ಕ ಕೆಲಸ ಹಂಚಿಕೆಯಾಯಿತು. ಕ್ರೈಸ್ತರು ಪೂಜೆ ಮಾಡದ್ದರಿಂದಲೇ ದೇವತೆಗಳು ಮುನಿದರು ಎಂದು ದೂರುತ್ತಿದ್ದ ನಗರದ ಬೀದಿಗಳಲ್ಲಿ ಕ್ರೈಸ್ತರು ರೋಗಿಗಳ ಬಳಿ ಕುಳಿತಿದ್ದರು.

ಅದೇ ವರ್ಷಗಳಲ್ಲಿ ನುಮಿದಿಯ ಪ್ರಾಂತ್ಯದ ಮೇಲೆ ದಾಳಿಯಾಗಿ ಅನೇಕ ಕ್ರೈಸ್ತರನ್ನು ಸೆರೆಹಿಡಿದು ಒಯ್ದರು. ಅವರನ್ನು ಬಿಡಿಸಲು ಕಾರ್ತೇಜಿನ ಸಭೆ 1,00,000 ಸೆಸ್ಟರ್ಸ್ ಹಣ ಕೂಡಿಸಿ ಕಳುಹಿಸಿತು. ಕೊಟ್ಟವರ ಹೆಸರುಗಳ ಪಟ್ಟಿಯನ್ನೂ ಜೊತೆಗಿರಿಸಿ, ಇವರನ್ನು ನಿಮ್ಮ ಪ್ರಾರ್ಥನೆಯಲ್ಲಿ ನೆನೆಯಿರಿ ಎಂದು ಸಿಪ್ರಿಯನ್ ಅಲ್ಲಿನ ಬಿಷಪರನ್ನು ಕೇಳಿಕೊಂಡರು. ಕಳೆದ ಕೆಲವೇ ವರ್ಷಗಳಲ್ಲಿ ಪರಸ್ಪರ ಬೆರಳು ತೋರಿಸಿದ್ದ ಸಭೆ ಇದು! ಚರ್ಚೆಯಿಂದ ಮಾತ್ರ ಅಲ್ಲ, ಒಟ್ಟಿಗೆ ಸೇವೆ ಮಾಡುವುದರಿಂದಲೂ ಮನಸ್ಸುಗಳು ಕೂಡುತ್ತವೆ.

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯ ಬಗ್ಗೆ ಅವರು ಬರೆದ ಚಿಕ್ಕ ಗ್ರಂಥದಲ್ಲಿ ಒಂದು ಸರಳ ಮಾತನ್ನು ನಮ್ಮ ಗಮನಕ್ಕೆ ತರುತ್ತಾರೆ. ಆ ಪ್ರಾರ್ಥನೆಯಲ್ಲಿ ನಾವು ದೇವರನ್ನು ನಮ್ಮ ತಂದೆ ಎನ್ನುತ್ತೇವೆ, ನನ್ನ ತಂದೆ ಎನ್ನುವುದಿಲ್ಲ. ಅನ್ನವನ್ನು ಕೇಳುವುದೂ ಕ್ಷಮೆಯನ್ನು ಕೇಳುವುದೂ ನಮಗೆಲ್ಲರಿಗಾಗಿ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಪ್ರಾರ್ಥಿಸಿದರೂ ಇಡೀ ಸಭೆ ನಮ್ಮ ಪಕ್ಕದಲ್ಲಿ ಮೊಣಕಾಲೂರಿರುತ್ತದೆ.

ಸಂತರಿಗೂ ತಪ್ಪಿದ ದಾರಿ

ಇಷ್ಟು ಓದಿದ ಮೇಲೆ ಸಿಪ್ರಿಯನ್ ಯಾರೊಡನೆಯೂ ಜಗಳವಾಡದ ಸಾಧುವೆಂದು ತಿಳಿಯಬೇಡಿ. ಕೊರ್ನೇಲಿಯುಸ್ 253ರಲ್ಲಿ ಗಡೀಪಾರಿನಲ್ಲಿ ತೀರಿಕೊಂಡರು. ಮುಂದೆ ಪೋಪ್ ಆದ ಸ್ಟೀಫನರಿಗೂ ಸಿಪ್ರಿಯನರಿಗೂ ಗಂಭೀರವಾದ ಭಿನ್ನಾಭಿಪ್ರಾಯ ಹುಟ್ಟಿತು. ಸಭೆಯಿಂದ ಒಡೆದುಹೋದ ಗುಂಪುಗಳಲ್ಲಿ ದೀಕ್ಷಾಸ್ನಾನ ಪಡೆದವರು ತಿರುಗಿ ಬಂದರೆ ಏನು ಮಾಡಬೇಕು? ಹೊರಗೆ ಕೊಟ್ಟದ್ದು ದೀಕ್ಷಾಸ್ನಾನವೇ ಅಲ್ಲ, ಹೊಸದಾಗಿ ಕೊಡಬೇಕು ಎಂದರು ಸಿಪ್ರಿಯನ್. ಬೇಕಿಲ್ಲ, ಹಸ್ತನಿಕ್ಷೇಪ ಮಾಡಿ ಸೇರಿಸಿಕೊಂಡರೆ ಸಾಕು, ಇದೇ ಪರಂಪರೆ ಎಂದರು ಸ್ಟೀಫನ್. 256ರ ಸೆಪ್ಟೆಂಬರ್ 1ರಂದು ಕಾರ್ತೇಜಿನಲ್ಲಿ ಸೇರಿದ ಮಹಾಸಭೆಯಲ್ಲಿ 87 ಬಿಷಪರ ಮತ ದಾಖಲಾಯಿತು, ಎಲ್ಲವೂ ಸಿಪ್ರಿಯನರ ಕಡೆಗೆ. ಎರಡು ಕಡೆಯೂ ಮಾತುಗಳು ಬಿರುಸಾದವು. ಸಂಬಂಧ ಮುರಿಯುವ ಹಂತಕ್ಕೆ ಬಂತು.

ಈ ವಿಷಯದಲ್ಲಿ ಧರ್ಮಸಭೆ ಮುಂದೆ ಒಪ್ಪಿದ್ದು ರೋಮಿನ ನಿಲುವನ್ನೇ. ದೀಕ್ಷಾಸ್ನಾನ ಕೊಡುವವರು ಕ್ರಿಸ್ತರೇ ಆದ್ದರಿಂದ ಯಾಜಕನ ಲೋಪ ಅದನ್ನು ಅಳಿಸಲಾರದು ಎಂದು ಸಂತ ಅಗಸ್ಟೀನರು ನಂತರ ವಿವರಿಸಿದರು. ಬೇರೆ ಕ್ರೈಸ್ತ ಸಭೆಗಳಲ್ಲಿ ಸರಿಯಾಗಿ ದೀಕ್ಷಾಸ್ನಾನ ಪಡೆದವರನ್ನು ನಾವು ಇಂದು ಸಹೋದರ ಸಹೋದರಿಯರೆಂದು ಕರೆಯುವುದು, 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಐಕ್ಯತೆಯ ಬಗ್ಗೆ ಬೋಧಿಸಿದ್ದು, ಇವೆರಡೂ ನಿಂತಿರುವುದು ಸಿಪ್ರಿಯನರು ಒಪ್ಪದೆ ಹೋದ ಆ ಸತ್ಯದ ಮೇಲೆ. ಐಕ್ಯತೆಗಾಗಿ ಅಷ್ಟು ದುಡಿದವರು ಐಕ್ಯತೆಯ ಒಂದು ಬಾಗಿಲನ್ನು ಗುರುತಿಸದೆ ಹೋದರು. ಒಳ್ಳೆಯವರೂ ವಿದ್ವಾಂಸರೂ ಪ್ರಾಮಾಣಿಕವಾಗಿಯೇ ತಪ್ಪಬಹುದು ಎಂಬ ಪಾಠ ಇಲ್ಲಿದೆ.

ಆದರೆ ಅಗಸ್ಟೀನರು ಇನ್ನೊಂದು ಸಂಗತಿಯನ್ನೂ ಎತ್ತಿ ತೋರಿಸಿದರು. ಆ ಮಹಾಸಭೆಯ ಆರಂಭದಲ್ಲೇ ಸಿಪ್ರಿಯನ್, ಯಾರಾದರೂ ಬೇರೆ ಅಭಿಪ್ರಾಯ ಹೇಳಿದರೆ ಅವರನ್ನು ಸಭೆಯಿಂದ ದೂರ ಮಾಡುವುದಿಲ್ಲ ಎಂದು ಭರವಸೆ ಕೊಟ್ಟಿದ್ದರು. ಅಷ್ಟು ಬಹುಮತ ಬೆನ್ನಿಗಿದ್ದರೂ ಅವರು ಬೇರೆ ಸಭೆ ಕಟ್ಟಲಿಲ್ಲ. 257ರಲ್ಲಿ ಸ್ಟೀಫನ್ ತೀರಿಕೊಂಡರು. ಮುಂದಿನ ಪೋಪ್ ಎರಡನೆಯ ಸಿಕ್ಸ್ತುಸ್ ಶಾಂತಿಪ್ರಿಯರು. ರೋಮಿನ ಜೊತೆ ಬಾಂಧವ್ಯ ಮತ್ತೆ ಕುದುರಿತು. ಎಲ್ಲ ವಿಷಯದಲ್ಲೂ ಒಂದೇ ಅಭಿಪ್ರಾಯ ಇರುವುದು ಐಕ್ಯತೆಯಲ್ಲ. ಅಭಿಪ್ರಾಯ ಬೇರೆಯಾದಾಗಲೂ ಒಂದೇ ಪೀಠದ ಸುತ್ತ ನಿಲ್ಲುವುದೇ ಐಕ್ಯತೆ.

ಜನರ ನಡುವೆ ಕೊನೆಯ ರಾತ್ರಿ

257ರಲ್ಲಿ ವಲೇರಿಯನ್ ಚಕ್ರವರ್ತಿ ಮತ್ತೆ ಹಿಂಸೆ ಆರಂಭಿಸಿದನು. ಈ ಸಲ ಗುರಿ ಬಿಷಪರು ಮತ್ತು ಯಾಜಕರು. ಆಗಸ್ಟ್ 30ರಂದು ಪ್ರಾಂತ್ಯಾಧಿಕಾರಿಯ ಮುಂದೆ ನಿಂತ ಸಿಪ್ರಿಯನ್ ತಾವು ಕ್ರೈಸ್ತರೆಂದೂ ಬಿಷಪರೆಂದೂ ಒಪ್ಪಿಕೊಂಡರು. ನಿಮ್ಮ ಯಾಜಕರು ಯಾರು ಯಾರು, ಹೆಸರು ಹೇಳಿ ಎಂದಾಗ, ಚಾಡಿ ಹೇಳುವುದನ್ನು ನಿಮ್ಮ ಕಾನೂನೇ ನಿಷೇಧಿಸಿದೆಯಲ್ಲವೇ ಎಂದು ನೆನಪಿಸಿ ಬಾಯಿ ಮುಚ್ಚಿಕೊಂಡರು. ಆ ಯಾಜಕರಲ್ಲಿ ಅವರನ್ನು ನೋಯಿಸಿದವರೂ ಇದ್ದಿರಬಹುದಲ್ಲವೇ? ಒಬ್ಬರ ಹೆಸರೂ ಹೊರಗೆ ಬರಲಿಲ್ಲ. ಅವರನ್ನು ಕುರುಬಿಸ್ ಎಂಬ ಕಡಲ ತೀರದ ಊರಿಗೆ ಗಡೀಪಾರು ಮಾಡಿದರು.

ಮರುವರ್ಷ ಆಜ್ಞೆ ಇನ್ನೂ ಕ್ರೂರವಾಯಿತು. 258ರ ಆಗಸ್ಟ್ 6ರಂದು ರೋಮಿನಲ್ಲಿ ಸಿಕ್ಸ್ತುಸ್ ರಕ್ತಸಾಕ್ಷಿಯಾದರು. ಓಡಿಹೋಗಿ, ಆಶ್ರಯ ಕೊಡುತ್ತೇವೆ ಎಂದು ಗಣ್ಯ ಸ್ನೇಹಿತರು ಸಿಪ್ರಿಯನರನ್ನು ಬೇಡಿಕೊಂಡರು. ಅವರು ಒಪ್ಪಲಿಲ್ಲ. ಒಮ್ಮೆ ಮಾತ್ರ ಸ್ವಲ್ಪ ದಿನ ಮರೆಯಾದರು. ಅದು ಜೀವ ಉಳಿಸಿಕೊಳ್ಳಲು ಅಲ್ಲ. ಅವರನ್ನು ಉಟಿಕ ಎಂಬ ಬೇರೆ ಊರಿಗೆ ಕೊಂಡೊಯ್ದು ಕೊಲ್ಲುವ ಏರ್ಪಾಡಾಗಿತ್ತು. ಬಿಷಪನು ತನ್ನ ಜನರ ನಡುವೆಯೇ ಕ್ರಿಸ್ತರನ್ನು ಒಪ್ಪಿಕೊಳ್ಳಬೇಕು, ಆ ಸಾಕ್ಷ್ಯ ಇಡೀ ಸಭೆಯ ಸಾಕ್ಷ್ಯವಾಗಬೇಕು ಎಂದು ಅವರು ತಮ್ಮ ಕೊನೆಯ ಪತ್ರದಲ್ಲಿ ಜನರಿಗೆ ತಿಳಿಸಿದರು. ಎಂಟು ವರ್ಷಗಳ ಹಿಂದೆ ಸಭೆಗಾಗಿ ಅಡಗಿದವರು ಈಗ ಸಭೆಯ ನಡುವೆ ಸಾಯುವುದಕ್ಕಾಗಿ ಅಡಗಿದರು.

ಸೆಪ್ಟೆಂಬರ್ 13ರಂದು ಸೈನಿಕರು ಬಂದರು. ಅಧಿಕಾರಿಗೆ ಅಸ್ವಸ್ಥತೆ ಇದ್ದುದರಿಂದ ವಿಚಾರಣೆ ಮರುದಿನಕ್ಕೆ ಹೋಯಿತು. ಆ ರಾತ್ರಿ ಅವರನ್ನು ಒಬ್ಬ ಸೇನಾಧಿಕಾರಿಯ ಮನೆಯಲ್ಲಿ ಇರಿಸಿದರು. ಸುದ್ದಿ ಹರಡಿತು. ಕಾರ್ತೇಜಿನ ಕ್ರೈಸ್ತರೆಲ್ಲ ಆ ಬೀದಿಗೆ ಬಂದು ಮನೆಯ ಮುಂದೆ ರಾತ್ರಿಯಿಡೀ ಎಚ್ಚರವಿದ್ದರು. ನಾಳೆ ಸಾಯಲಿದ್ದ ಸಿಪ್ರಿಯನ್ ಆ ಹೊತ್ತಿನಲ್ಲಿ ಹೇಳಿ ಕಳುಹಿಸಿದ್ದು ಒಂದೇ ಮಾತು: ಗುಂಪಿನಲ್ಲಿರುವ ಹೆಣ್ಣುಮಕ್ಕಳನ್ನು ಜಾಗ್ರತೆಯಾಗಿ ನೋಡಿಕೊಳ್ಳಿ.

ಮರುದಿನ, 258ರ ಸೆಪ್ಟೆಂಬರ್ 14. ಶಿರಚ್ಛೇದದ ತೀರ್ಪನ್ನು ಕೇಳಿ ಸಿಪ್ರಿಯನ್ ದೇವರಿಗೆ ಸ್ತೋತ್ರ ಹೇಳಿದರು. ನಮ್ಮ ತಲೆಯನ್ನೂ ಅವರೊಡನೆ ತೆಗೆಯಿರಿ ಎಂದು ಜನ ಕೂಗಿದರು. ಹಿಂಸೆಯ ಮೊದಲ ದಿನವೇ ಬಲಿಪೀಠಕ್ಕೆ ಓಡಿದ ಅದೇ ಊರಿನ ಕ್ರೈಸ್ತರು ಇವರು! ನೋಡಲು ಕೆಲವರು ಮರಗಳನ್ನೇರಿದರು. ಸಿಪ್ರಿಯನ್ ಮೇಲಂಗಿಯನ್ನು ಕಳಚಿ ಮೊಣಕಾಲೂರಿ ಪ್ರಾರ್ಥಿಸಿದರು. ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿರೆಂದು ಹೇಳಿದರು. ಅವರ ರಕ್ತ ನೆಲಕ್ಕೆ ಬೀಳದಿರಲೆಂದು ಜನ ಬಟ್ಟೆಗಳನ್ನು ಹಾಸಿದರು. ಕಣ್ಣಿನ ಪಟ್ಟಿಯನ್ನು ತಾವೇ ಕಟ್ಟಿಕೊಳ್ಳಲು ಆಗದೆ ಒಬ್ಬ ಯಾಜಕ ಮತ್ತು ಒಬ್ಬ ಉಪಸೇವಾದರ್ಶಿ ನೆರವಾದರು. ಕೊನೆಯ ಗಳಿಗೆಯಲ್ಲೂ ಅವರು ಒಂಟಿಯಾಗಿರಲಿಲ್ಲ. ಆ ರಾತ್ರಿ ಮೇಣದ ಬತ್ತಿಗಳನ್ನೂ ಪಂಜುಗಳನ್ನೂ ಹಿಡಿದು ಜನರು ಅವರ ದೇಹವನ್ನು ಮೆರವಣಿಗೆಯಲ್ಲಿ ಒಯ್ದು ಸಮಾಧಿ ಮಾಡಿದರು.

ನಮ್ಮ ಮನೆಗೂ ಧರ್ಮಕೇಂದ್ರಕ್ಕೂ

ಪ್ರಿಯರೇ, ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಸುಖವಾಗಿರುತ್ತದೆ. ಆದರೆ ಅದರ ಮುಂದಿನ ಅಧ್ಯಾಯ ಕಹಿಯಾಗಿದೆ. ಸುಮಾರು ಐವತ್ತು ವರ್ಷಗಳ ನಂತರ ಇನ್ನೊಂದು ಹಿಂಸೆ ಬಂತು, ಹೋಯಿತು. ಅದೇ ಕಾರ್ತೇಜಿನಲ್ಲಿ ಅದೇ ಲೆಕ್ಕ ಮತ್ತೆ ಶುರುವಾಯಿತು: ಎಡವಿದವರು ಯಾರು, ನಿಂತವರು ಯಾರು? ಈ ಸಲ ಬಿರುಕು ಮುಚ್ಚಲಿಲ್ಲ. ಡೊನಾಟಿಸ್ಟ್ ಪಂಗಡ ಬೇರೆಯಾಯಿತು. ಒಂದು ನೂರು ವರ್ಷ ಆಫ್ರಿಕದ ಊರೂರಲ್ಲೂ ಎರಡು ದೇವಾಲಯ, ಇಬ್ಬರು ಬಿಷಪರು. 411ರಲ್ಲಿ ಎರಡೂ ಪಕ್ಷಗಳ ಬಿಷಪರು ಕಾರ್ತೇಜಿನಲ್ಲಿ ಸೇರಿದಾಗ ಒಂದೊಂದು ಕಡೆಯೂ 250ಕ್ಕಿಂತ ಹೆಚ್ಚು ಮಂದಿ ಇದ್ದರು. ಎರಡೂ ಕಡೆಯವರು ಸಿಪ್ರಿಯನರನ್ನು ತಮ್ಮವರೆಂದು ಹೇಳಿಕೊಂಡರು! ಸಂತರನ್ನು ಗೌರವಿಸುವುದು ಸುಲಭ, ಅವರ ದಾರಿಯಲ್ಲಿ ನಡೆಯುವುದು ಕಷ್ಟ.

ನಮ್ಮ ಆತ್ಮಿಕ ಹೋರಾಟಗಳಲ್ಲಿ ಸಿಂಹಗಳಿಲ್ಲ, ಚೀಟಿಗಳಿಲ್ಲ. ಕುಡಿತದ ಚಟದೊಡನೆ ಹೋರಾಡುವ ಮಗನಿದ್ದಾನೆ. ಸಾಲದ ಭಾರದಲ್ಲಿ ಪ್ರಾರ್ಥನೆಯನ್ನೇ ಬಿಟ್ಟ ಅಳಿಯನಿದ್ದಾನೆ. ಯಾವುದೋ ಮಾತಿಗೆ ನೊಂದು ಪೂಜೆಗೆ ಬರುವುದನ್ನು ನಿಲ್ಲಿಸಿದ ಅಕ್ಕನಿದ್ದಾಳೆ. ಅವರು ಎಡವಿದ ದಿನ ನಾವು ಎಲ್ಲಿದ್ದೆವು? ಅವರು ತಿರುಗಿ ಬರುವ ದಿನ ದೇವಾಲಯದ ಬಾಗಿಲಲ್ಲಿ ಅವರಿಗೆ ಕಾಣುವುದು ನಮ್ಮ ಯಾವ ಮುಖ? ನಾನು ಬಲಿಪೀಠದ ಬಳಿಯಿಂದ ನೋಡುವಾಗ ಒಂದೊಂದು ಸಲ ಎದೆ ಭಾರವಾಗುತ್ತದೆ. ಹಬ್ಬದ ಲೆಕ್ಕಪತ್ರಕ್ಕೋ ಸಂಘದ ಚುನಾವಣೆಗೋ ಮುನಿಸಿಕೊಂಡ ಇಬ್ಬರು ಎರಡು ಸಾಲುಗಳಲ್ಲಿ ಬಂದು ಒಂದೇ ಪರಮಪ್ರಸಾದ ಸ್ವೀಕರಿಸಿ, ಎರಡು ಬಾಗಿಲುಗಳಿಂದ ಹೊರಗೆ ಹೋಗುತ್ತಾರೆ. ನಾವು ಗುರುಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಆ ಐವರು ಯಾಜಕರ ಮುನಿಸು ನಮಗೂ ಕನ್ನಡಿ.

ಸಿಪ್ರಿಯನ್ ಮತ್ತು ಕೊರ್ನೇಲಿಯುಸ್ ತಮ್ಮ ನಡುವೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಇಬ್ಬರಲ್ಲಿ ಯಾರು ಮೊದಲು ದೇವರ ಸನ್ನಿಧಿಗೆ ಹೋದರೂ ಉಳಿದವನಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಬಾರದು ಎಂಬುದೇ ಆ ಒಪ್ಪಂದ. ಧರ್ಮಸಭೆ ಅದನ್ನು ಮರೆತಿಲ್ಲ. ಸೆಪ್ಟೆಂಬರ್ 14 ಪವಿತ್ರ ಶಿಲುಬೆಯ ಹಬ್ಬವಾದ್ದರಿಂದ 16ರಂದು ಇಬ್ಬರ ಸ್ಮರಣೆಯನ್ನೂ ಒಟ್ಟಿಗೆ ಆಚರಿಸುತ್ತದೆ. ರೋಮನ್ ಕ್ಯಾನನ್‌ನಲ್ಲಿಯೂ ಅವರ ಹೆಸರುಗಳು ಒಂದರ ಪಕ್ಕ ಒಂದಿವೆ.

ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಒಂದು ಕೆಲಸ ಮಾಡಿ. ನೀವು ಮಾತು ಬಿಟ್ಟಿರುವ ಒಬ್ಬರ ಹೆಸರನ್ನು ನೆನೆದು, ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಒಮ್ಮೆ ನಿಧಾನವಾಗಿ ಹೇಳಿ. ನಮ್ಮ ಎಂಬ ಪದ ಬಂದಲ್ಲಿ ಸ್ವಲ್ಪ ನಿಲ್ಲಿ. ಆ ಪದದೊಳಗೆ ಅವರೂ ಇದ್ದಾರೆ. ಪ್ರಾರ್ಥನೆ ಮುಗಿದ ಮೇಲೆ ಅವರ ಮನೆ ಎಷ್ಟು ದೂರ ಎಂದು ಯೋಚಿಸಿ. ಬಹುಶಃ ಎರಡು ಬೀದಿಯಾಚೆ ಇರಬಹುದು, ಬಹುಶಃ ಪಕ್ಕದ ಕೋಣೆಯೇ ಇರಬಹುದು.